ಎರಡು ಜಾಗ ಹಿಡಿಯುವ ಗಾಡಿ

ಎದುರಿನಿಂದ ಬರುವವರಿಗೆ ನನ್ನ ಅಕ್ಕನ ಮುಖ ಕಾಣುತ್ತಿರಲಿಲ್ಲ. ಸ್ಟಿಯರಿಂಗ್ ಚಕ್ರದ ಮೇಲೆ ಎರಡು ಕೈ, ಆ ಕೈಗಳಲ್ಲಿ ಕೆಂಪು ಗಾಜಿನ ಬಳೆ, ಅದರಾಚೆ ಕನ್ನಡಕದ ಮೇಲರ್ಧ, ನೆತ್ತಿಯ ಮೇಲೆ ಬಿಗಿಯಾಗಿ ಸುತ್ತಿದ ಜಡೆಯ ಗಂಟು. ಇಷ್ಟೇ ಕಾಣುತ್ತಿದ್ದದ್ದು. ಸೀಟಿನ ಮೇಲೆ ಒಂದು ದಪ್ಪ ದಿಂಬು, ಬೆನ್ನಿಗೆ ಇನ್ನೊಂದು. ಇಷ್ಟಾದರೂ ಅವಳು ಆ ಗಾಡಿಯಲ್ಲಿ ಕೂತರೆ ತೊಟ್ಟಿಲಲ್ಲಿ ಕೂತ ಕೂಸಿನ ಹಾಗೆ ಕಾಣುತ್ತಿದ್ದಳು. ಆಸ್ಪತ್ರೆಯಲ್ಲಿ ಡ್ಯೂಟಿಗೆ ಬಳೆ ಹಾಕುವಂತಿಲ್ಲ. ಹಾಗಾಗಿ ಇಳಿಯುವ ಮೊದಲು ಅವನ್ನು ತೆಗೆದು ಗೇರಿನ ಕೋಲಿಗೆ ತೊಡಿಸಿ ಹೋಗುತ್ತಿದ್ದಳು. ಡ್ಯೂಟಿ ಮುಗಿಸಿ ಬಂದವಳೇ ಮೊದಲು ಬಳೆ ಹಾಕಿಕೊಂಡು ಆಮೇಲೆ ಕೀಲಿ ತಿರುಗಿಸುತ್ತಿದ್ದಳು.

ಗಾಡಿ ಎಂದರೆ ಇಲ್ಲಿನವರು ಯೂಟ್ ಎನ್ನುವ ಹಿಂದೆ ತೊಟ್ಟಿ ಇರುವ ಸಾಧಾರಣ ಗಾಡಿಯಲ್ಲ. ಅಮೆರಿಕದಲ್ಲಿ ಮಾಡಿದ್ದು, ಇಲ್ಲಿನ ರಸ್ತೆಗೆ ಸ್ಟಿಯರಿಂಗ್ ಅನ್ನು ಬಲಕ್ಕೆ ಬದಲಾಯಿಸಿದ್ದು, ಮುಂದೆ ನಿಂತರೆ ಬಾನೆಟ್ಟು ನನ್ನ ಎದೆಗೆ ಬರುವಂಥದ್ದು. ಆಕ್ಲೆಂಡಿನ ಯಾವ ಪಾರ್ಕಿಂಗ್ ಗೆರೆಯೊಳಗೂ ಅದು ಪೂರ್ತಿ ಕೂತದ್ದನ್ನು ನಾನು ನೋಡಿಲ್ಲ. ಅಕ್ಕ ಅದನ್ನು 'ಲಾರಿ' ಎನ್ನುತ್ತಿದ್ದಳು.

ಆ ಗಾಡಿ ಅವಳಿಗೆ ದೊಡ್ಡದಾಯಿತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಏಳನೇ ತರಗತಿಗೆ ಶಾಲೆ ಬಿಟ್ಟವನು ನಾನು. ಆದ್ದರಿಂದ ಅಲಂಕಾರ ಮಾಡಿ ಹೇಳಲು ಬರುವುದಿಲ್ಲ. ಗಾಡಿ ಅವಳಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಬೇರೆ ಕಡೆ. ಎಲ್ಲಿ ಎಂಬುದನ್ನೂ ಹೇಳುತ್ತೇನೆ.

ನಾವು ಕುಂದಾಪುರದ ಕಡೆಯ ಮೀನುಗಾರರು. ಅಪ್ಪ ದೋಣಿಗೆ ಹೋಗುತ್ತಿದ್ದ, ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ನಮ್ಮ ಕೇರಿಯಲ್ಲಿ ಹೆಂಗಸರು ಮೀನು ಆರಿಸಬಹುದು, ಒಣಗಿಸಬಹುದು, ಮಾರಬಹುದು, ಆದರೆ ದೋಣಿ ಹತ್ತುವಂತಿರಲಿಲ್ಲ. ಅಕ್ಕ ಚಿಕ್ಕವಳಿದ್ದಾಗ ಒಮ್ಮೆ ಮರಳಿನ ಮೇಲೆ ಎಳೆದಿಟ್ಟ ದೋಣಿಗೆ ಹತ್ತಿ ಕೂತಳಂತೆ. ಅವಳನ್ನು ಇಳಿಸಿ, ಇಡೀ ದೋಣಿಯನ್ನು ಅರಿಸಿನ ನೀರಿನಲ್ಲಿ ತೊಳೆದರು. ಮುಂದೆ ಅವಳು ನರ್ಸಿಂಗ್ ಓದಿದಳು, ಆಕ್ಲೆಂಡಿಗೆ ಬಂದಳು, ಮೈಸೂರಿನ ಕಡೆಯ ಒಬ್ಬ ಕಂಪ್ಯೂಟರ್ ಎಂಜಿನಿಯರನ್ನು ಮದುವೆಯಾದಳು. ಹಿಲ್ಸ್‌ಬರೋ ಬಡಾವಣೆಯ ಇಳಿಜಾರಿನಲ್ಲಿ ಇಬ್ಬರೂ ಮನೆ ಮಾಡಿದರು. ಮೀನು ಕತ್ತರಿಸಿ ಪ್ಯಾಕ್ ಮಾಡುವ ಒಂದು ಕಾರ್ಖಾನೆಯಲ್ಲಿ ನನಗೊಂದು ಕೆಲಸ ಹುಡುಕಿ ನನ್ನನ್ನೂ ಕರೆಸಿಕೊಂಡಳು. ಆಮೇಲೆ ಒಂದು ದಿನ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡುಬಿಟ್ಟಳು.

ಭಾವ ದೋಣಿಯನ್ನು ಸುತ್ತು ಹಾಕಿ ನೋಡಿ, "ಇದನ್ನ ಎಲ್ಲಿ ಇಡ್ತೀಯ?" ಎಂದರು.

"ಗ್ಯಾರೇಜಲ್ಲಿ."

"ಕಾರು?"

"ಕಾರಿಗೆಂತಾ, ಅದು ಹೊರಗೆ ಮಲಗ್ತ್."

ಮೊದಲು ಅದನ್ನು ಎಳೆದದ್ದು ಅವರ ಮನೆಯ ಸಣ್ಣ ಕಾರಿನಲ್ಲಿ. ಇಲ್ಲಿ ದೋಣಿಯನ್ನು ಟ್ರೈಲರ್ ಮೇಲಿಟ್ಟು, ಗಾಡಿಗೆ ಕಟ್ಟಿ ಎಳೆದುಕೊಂಡು ಹೋಗಿ, ಸಮುದ್ರಕ್ಕೆ ಇಳಿಯುವ ಕಾಂಕ್ರೀಟ್ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಸಿ ನೀರಿಗೆ ಬಿಡಬೇಕು. ಆ ಇಳಿಜಾರಿನ ಕೆಳತುದಿಯಲ್ಲಿ ಪಾಚಿ ಕಟ್ಟಿರುತ್ತದೆ. ದೋಣಿಯನ್ನು ಮೇಲಕ್ಕೆ ಎಳೆಯುವಾಗ ಅಕ್ಕನ ಕಾರಿನ ಚಕ್ರಗಳು ಅಲ್ಲೇ ತಿರುಗಿದವು. ದೋಣಿಯ ಭಾರಕ್ಕೆ ಕಾರು ಮೆಲ್ಲಗೆ ಸಮುದ್ರದ ಕಡೆ ಹೊರಟಿತು. ನಾನು ಚಕ್ರದಡಿಗೆ ಕಲ್ಲು ಕೊಟ್ಟು ಕೂಗಿಕೊಂಡೆ. ಮೇಲೆ ಕಾಯುತ್ತಿದ್ದ, ಇಲ್ಲಿಯವನೇ ಆದ ಒಬ್ಬ ಮುದುಕ ತನ್ನ ದೊಡ್ಡ ಟ್ರಕ್ಕನ್ನು ತಂದು, ಹಗ್ಗ ಕಟ್ಟಿ, ಕಾರು, ದೋಣಿ, ಅಕ್ಕ ಎಲ್ಲವನ್ನೂ ಒಂದೇ ಸಲಕ್ಕೆ ಎಳೆದು ಹಾಕಿದ. ಅವನ ಗಾಡಿಗೆ ಉಸಿರೂ ಕಟ್ಟಲಿಲ್ಲ. ಅಕ್ಕ ಅವನಿಗೆ ಥ್ಯಾಂಕ್ಸ್ ಹೇಳಿದಳು. ಆದರೆ ಅವಳ ಕಣ್ಣು ಪೂರ್ತಿ ಅವನ ಗಾಡಿಯ ಮೇಲೆ ಇತ್ತು.

ಲಾರಿ ಬಂತು. ಭಾವ ಆಲ್ಬನಿಯ ಆಫೀಸಿಗೆ ಬಸ್ಸಿನಲ್ಲಿ ಹೋಗುವವರು. ಲಾರಿಯ ವಿಷಯ ಯಾರು ತೆಗೆದರೂ, "ನಾನು ಬಸ್ಸಲ್ಲಿ ಹೋಗೋನಪ್ಪ, ನನ್ನನ್ನ ಕೇಳ್ಬೇಡಿ" ಎಂದು ಕೈ ಮುಗಿಯುತ್ತಿದ್ದರು. ದೋಣಿ ಎಳೆಯಲು ಬೇಕಾದರೆ ಇರಲಿ, ದಿನಾ ಆಸ್ಪತ್ರೆಗೆ ಹೋಗಲಿಕ್ಕೆ ಸಣ್ಣ ಕಾರು ಇಟ್ಟುಕೊಳ್ಳಬಾರದೇ ಎಂದು ಬುದ್ಧಿ ಹೇಳಿದವರು ಬಹಳ ಜನ. ಅಕ್ಕನ ಉತ್ತರ ಒಂದೇ: "ಎರಡೆರಡ್ ಗಾಡಿ ಇಡೂಕೆ ನಾನೆಂತ ಬಸ್ ಕಂಪೆನಿ ಯಜಮಾನ್ತಿಯಾ?" ಸಣ್ಣ ಕಾರನ್ನೇ ಮಾರಿದಳು. ತರಕಾರಿಗೂ ಲಾರಿ, ಕೆಲಸಕ್ಕೂ ಲಾರಿ, ಗಣೇಶನ ಹಬ್ಬದ ಹಾಲ್‌ಗೂ ಲಾರಿ.

ಅದು ಕುಡಿಯುವ ಪೆಟ್ರೋಲನ್ನು ನೋಡಿ ನನಗೂ ಹೊಟ್ಟೆ ಉರಿದದ್ದುಂಟು. ಸುಳ್ಳು ಹೇಳುವುದಿಲ್ಲ. ಮಾಲ್‌ಗಳಲ್ಲಿ ಅವಳು ಅಂಗಡಿಯಿಂದ ತೀರಾ ದೂರದ ಮೂಲೆ ಹುಡುಕಿ, ಎರಡು ಜಾಗಕ್ಕೆ ಅಡ್ಡಲಾಗಿ ನಿಲ್ಲಿಸುತ್ತಿದ್ದಳು. ಯಾರಾದರೂ ಮುಖ ಗಂಟಿಕ್ಕಿದರೆ ಗಾಜು ಇಳಿಸಿ, "ಸಾರಿ ಲವ್, ಶೀ ಈಸ್ ಎ ಬಿಗ್ ಗರ್ಲ್" ಎಂದು ನಗುತ್ತಿದ್ದಳು. ಒಂದೇ ದಾರಿ ಹಂಚಿಕೊಂಡಿದ್ದ ಪಕ್ಕದ ಮನೆಯಾತ, ನಿಮ್ಮ ಗಾಡಿಯಿಂದ ನನ್ನ ಅಡುಗೆಮನೆಗೆ ಬೆಳಕಿಲ್ಲ ಎಂದು ಜಗಳಕ್ಕೆ ಬಂದಿದ್ದ. ಆ ಭಾನುವಾರ ಅಕ್ಕ ಒಂದು ದೊಡ್ಡ ಸ್ನ್ಯಾಪರ್ ಮೀನು ಕೊಯ್ದು, ತೊಳೆದು, ಅವನ ಬಾಗಿಲಿಗೆ ಕೊಟ್ಟು ಬಂದಳು. ಬೆಳಕಿನ ಮಾತು ಅಲ್ಲಿಗೆ ನಿಂತಿತು. "ಮೀನ್ ಕೊಟ್ರೆ ಬಾಯ್ ಮುಚ್ಚದಿದ್ದವ ಲೋಕದಲ್ಲೇ ಇಲ್ಲೆ, ಕಾಣ್" ಎಂದಳು ನನಗೆ.

ಅವಳು ಟ್ರೈಲರ್ ಹಿಂದಕ್ಕೆ ಹಾಕುವುದನ್ನು ನೋಡಬೇಕಿತ್ತು. ಮೊದಮೊದಲು ಟ್ರೈಲರ್ ಒಂದು ಕಡೆ, ಲಾರಿ ಒಂದು ಕಡೆ. ರಜೆಯ ದಿನ ಬೆಳಗ್ಗೆ ಖಾಲಿ ಇರುವ ಒಂದು ಮೈದಾನಕ್ಕೆ ಹೋಗಿ, ನನ್ನ ಚಪ್ಪಲಿಗಳನ್ನು ದೂರದೂರ ಇಟ್ಟು, ಅವುಗಳ ನಡುವೆ ಟ್ರೈಲರ್ ನುಗ್ಗಿಸಿ ಕಲಿತಳು. ನನ್ನ ಒಂದು ಜೊತೆ ಚಪ್ಪಲಿ ಹಾಗೆಯೇ ಸತ್ತಿತು. ನನಗೂ ಕಲಿಸಿದಳು. "ಕೈ ಚಕ್ರದ್ ಅಡಿಯಂಗ್ ಹಿಡಿ. ಟ್ರೈಲರ್ ಯಾವ್ ಬದಿಗ್ ಹೋಯ್ಕೋ ಕೈ ಆ ಬದಿಗೆ. ಮಂಡೆ ಓಡ್ಸ್‌ಬ್ಯಾಡ, ಕೈ ಓಡ್ಸ್." ಒಂದು ವರ್ಷದಲ್ಲಿ ಅವಳು ಇಳಿಜಾರಿಗೆ ಬಂದರೆ, ಕಾಯುತ್ತಿದ್ದ ಗಂಡಸರು ಮಾತು ನಿಲ್ಲಿಸಿ ನೋಡುವ ಹಾಗಾಯಿತು. ಒಂದೇ ಸಲ. ಮುಂದೆ ಹಿಂದೆ ಆಡಿಸುವುದಿಲ್ಲ. ಬಳೆ ಸದ್ದು ಮಾಡುತ್ತ ಕೈ ಆಡುತ್ತಿದ್ದಂತೆ ಟ್ರೈಲರ್ ನೇರ ನೀರಿಗೆ. ಹೊರಡುವ ಮೊದಲಂತೂ ಅವಳದೊಂದು ಪ್ರದಕ್ಷಿಣೆ ಇತ್ತು. ಟೋಬಾರ್, ಅದರ ಪಿನ್ನು, ಪಿನ್ನಿನ ಕ್ಲಿಪ್ಪು, ಸರಪಳಿ, ದೀಪದ ವೈರು, ಪ್ರತಿಯೊಂದನ್ನೂ ಮುಟ್ಟುತ್ತಿದ್ದಳು. "ಕಂಡ್ರೆ ಸಾಲ, ಮುಟ್ಕ್" ಎನ್ನುತ್ತಿದ್ದಳು, ನೋಡಿದರೆ ಸಾಲದು, ಮುಟ್ಟಬೇಕು ಎಂದು.

ಅವಳು ಬರೀ ಮೀನಿಗೆಂದು ಹೋಗಲಿಲ್ಲ, ಹೆಂಗಸರನ್ನು ಕರೆದುಕೊಂಡು ಹೋಗಲಿಕ್ಕೆ ಹೋದಳು. ಇದು ಮುಖ್ಯ. ಆಕ್ಲೆಂಡಿನ ನಮ್ಮ ಕನ್ನಡದ ಮನೆಗಳಲ್ಲಿ ಶನಿವಾರವೆಂದರೆ ಯಾರದೋ ಮನೆಯ ಊಟ. ಗಂಡಸರು ಬಾರ್ಬೆಕ್ಯೂ ಸುತ್ತ, ಹೆಂಗಸರು ಅಡುಗೆಮನೆಯಲ್ಲಿ. ಅಕ್ಕ ಅವರಲ್ಲಿ ಕೆಲವರನ್ನು ಅಲ್ಲಿಂದ ಎಬ್ಬಿಸಿ ದೋಣಿಗೆ ಹತ್ತಿಸಿದಳು. ಹಾಸನದ ಕಡೆಯ ಒಬ್ಬ ನರ್ಸ್ ಅವಳ ಜೊತೆಗೇ ಕೆಲಸ ಮಾಡುತ್ತಿದ್ದವಳು. ಮೊದಲ ದಿನ ಲೈಫ್ ಜಾಕೆಟ್ ಹಾಕಿಕೊಂಡೇ ಮನೆಯಿಂದ ಬಂದಿದ್ದಳು. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಪರೀಕ್ಷೆ ಬರೆದು, ದೋಣಿ ನಡೆಸುವ ಸರ್ಟಿಫಿಕೇಟು ತೆಗೆದುಕೊಂಡಳು. ಇನ್ನೊಬ್ಬರು ಬೆಂಗಳೂರಿನ ಡಾಕ್ಟರ್ ಆಂಟಿ. ವಯಸ್ಸಾದವರು, ಬಾಯಿ ಜೋರು, ಮೀನು ತಿನ್ನುತ್ತಿರಲಿಲ್ಲ. "ನಾನು ಹಿಡೀತೀನಿ, ನೀವು ತಿನ್ಕೊಳ್ಳಿ. ಪಾಪ ನಿಮ್ಗೆ" ಎನ್ನುತ್ತಿದ್ದರು. ದೋಣಿಯಲ್ಲಿ ಕೂತ ಮೇಲೆ ಅವರೆಲ್ಲ ನಗುವ ನಗು ದಡಕ್ಕೆ ಕೇಳುತ್ತಿತ್ತು.

ನಾನೂ ಹೋಗುತ್ತಿದ್ದೆ. ಗಾಳ ಕಟ್ಟಿ ಕೊಡಲು, ಲಂಗರು ಎಳೆಯಲು. ಒಳಗೊಳಗೆ ನನಗೊಂದು ಸೊಕ್ಕು ಇತ್ತು. ಇವರೆಲ್ಲ ಆಡಲು ಬಂದವರು, ನಿಜವಾದ ದೋಣಿಯವನು ನಾನು, ಗಂಗೊಳ್ಳಿ ಬಂದರಿನಲ್ಲಿ ಮೀಸೆ ಬರುವ ಮೊದಲೇ ಬಲೆ ಎಳೆದವನು. ಅಕ್ಕ ಎಷ್ಟಾದರೂ ಕಲಿತವಳು; ನಾನು ದೋಣಿಯಲ್ಲೇ ಹುಟ್ಟಿದವನು. ಈ ಸೊಕ್ಕೇ ಮುಂದಿನದಕ್ಕೆಲ್ಲ ಕಾರಣ.

ಆ ವರ್ಷದ ಆಯುಧಪೂಜೆ. ಇಲ್ಲಿ ಆ ಹೊತ್ತಿಗೆ ಚಳಿ ಮುಗಿದು, ಮೀನು ದಡದ ಹತ್ತಿರ ಬರಲು ಶುರುವಾಗಿರುತ್ತದೆ. ಮರುದಿನ ವಿಜಯದಶಮಿಗೆ ಆ ಋತುವಿನ ಮೊದಲ ಸವಾರಿ ಎಂದು ಹೆಂಗಸರೆಲ್ಲ ಸೇರಿ ಗೊತ್ತು ಮಾಡಿದ್ದರು. ಅಕ್ಕನಿಗೆ ಡ್ಯೂಟಿ ಇತ್ತು. ಸಣ್ಣ ಕಾರನ್ನಂತೂ ಮಾರಿಯಾಗಿತ್ತು, ಅವಳು ಬಸ್ಸಿನಲ್ಲಿ ಹೋದಳು. ಲಾರಿಯ ಪೂಜೆ ನನ್ನ ಪಾಲಿಗೆ ಬಂತು. ಮನಸ್ಸಿಟ್ಟು ಮಾಡಿದೆ, ಅದರಲ್ಲಿ ಎರಡು ಮಾತಿಲ್ಲ. ಲಾರಿ ತೊಳೆದೆ, ಟ್ರೈಲರ್ ತೊಳೆದೆ. ಟೋಬಾರ್ ಎಂದರೆ ಲಾರಿಯ ಹಿಂದಿನ ಚೌಕದ ಕೊಳವೆಯೊಳಗೆ ತೂರಿಸುವ ದಪ್ಪ ಕಬ್ಬಿಣ. ಟ್ರೈಲರ್ ಕೂರುವುದು ಅದರ ತುದಿಯ ಗುಂಡಿನ ಮೇಲೆ. ಅಡ್ಡಲಾಗಿ ಒಂದು ಪಿನ್ನು ಅದನ್ನು ಹಿಡಿದಿರುತ್ತದೆ, ಪಿನ್ನು ಜಾರದ ಹಾಗೆ ಅದರ ತುದಿಗೊಂದು ಸಣ್ಣ ಕ್ಲಿಪ್ಪು. ಎಲ್ಲವನ್ನೂ ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಹಚ್ಚಿದೆ. ಆಯುಧಗಳ ಜೊತೆ ಇದೂ ಇರಲಿ ಎಂದು ಪಿನ್ನು, ಕ್ಲಿಪ್ಪುಗಳನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟೆ. ಅದೇ ತಟ್ಟೆಯಲ್ಲಿ ಅಕ್ಕನ ಮೀನು ಕೊಯ್ಯುವ ಚೂರಿ, ಅವಳ ಆಸ್ಪತ್ರೆಯ ಕತ್ತರಿ. ಪಕ್ಕದಲ್ಲಿ ಭಾವನ ಲ್ಯಾಪ್‌ಟಾಪು. ಕುಂಕುಮ ಹಚ್ಚಿ, ಹೂ ಏರಿಸಿ, ಮಂಗಳಾರತಿ ಎತ್ತಿ, ಪಿನ್ನನ್ನು ತಂದು ಮತ್ತೆ ತೂರಿಸಿದೆ. ಅದರ ಮೇಲೆ ಚೆಂಡುಹೂವಿನ ದಪ್ಪ ಹಾರವೊಂದನ್ನು ಸುತ್ತಿ ಕಟ್ಟಿದೆ. ಬಹಳ ಚಂದ ಕಾಣುತ್ತಿತ್ತು.

ಬೆಳಗ್ಗೆ ಅಕ್ಕ ತನ್ನ ಪ್ರದಕ್ಷಿಣೆಗೆ ಬಂದಳು. ಹಾರದ ಮುಂದೆ ನಿಂತಳು. ಪೂಜೆ ಮಾಡಿ ಕಟ್ಟಿದ ಹಾರವನ್ನು ಮರುದಿನವೇ ಕಿತ್ತು ನೋಡುವುದು ಹೇಗೆ? ಅಮ್ಮ ಇದ್ದಿದ್ದರೆ ಕೈ ಮುರಿಯುತ್ತಿದ್ದಳು. ಅಕ್ಕ ನನ್ನ ಕಡೆ ತಿರುಗಿ, "ಒಳಗೆ ಎಲ್ಲ ಮುಟ್ಟಿ ಕಂಡಿದ್ಯಾ?" ಎಂದು ಕೇಳಿದಳು.

"ಕಂಡಿದೆ" ಎಂದೆ.

ನಾನು ನೋಡಿರಲಿಲ್ಲ. ನೋಡಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ನನ್ನನ್ನು ಹೀಗೆ ಕೇಳುವುದೇ ಹೆಚ್ಚಾಯಿತು ಎನಿಸಿತ್ತು. ಪಿನ್ನನ್ನು ನಾನೇ ಹಾಕಿದ್ದೆನಲ್ಲ, ಇನ್ನೇನು ನೋಡುವುದು. ಕ್ಲಿಪ್ಪು ಆಗ ತಟ್ಟೆಯಲ್ಲಿ, ಹೂವಿನ ಅಡಿಯಲ್ಲಿತ್ತು.

ಲಾರಿಯಲ್ಲಿ ಮುಂದೆ ಅಕ್ಕನ ಪಕ್ಕ ಡಾಕ್ಟರ್ ಆಂಟಿ. ಹಿಂದೆ ಹಾಸನದ ನರ್ಸ್, ಅವಳ ಪಕ್ಕ ನಾನು. ಇಳಿಜಾರು ಇಳಿದು, ಒಂದು ವೃತ್ತ ದಾಟಿ, ನೇರ ರಸ್ತೆಗೆ ಬಂದೆವು. ಹಿಂದೆ ಏನೋ ಕಳಚಿದ ಸದ್ದು. ಆಮೇಲೆ ಕಬ್ಬಿಣ ಡಾಂಬರನ್ನು ಉಜ್ಜುವ ಸದ್ದು. ತಿರುಗಿ ನೋಡಿದರೆ ದೋಣಿಯ ಮೂತಿ ನೆಲಕ್ಕೆ ಬಾಗಿದೆ, ಕಿಡಿ ಹಾರುತ್ತಿದೆ, ಟ್ರೈಲರನ್ನು ಬರೀ ಸರಪಳಿಗಳು ಹಿಡಿದಿವೆ. ನಾನಾಗಿದ್ದರೆ ಬ್ರೇಕ್ ತುಳಿಯುತ್ತಿದ್ದೆ, ಇಡೀ ದೋಣಿ ನಮ್ಮ ಬೆನ್ನಿಗೆ ಬಂದು ನುಗ್ಗುತ್ತಿತ್ತು. ಅಕ್ಕ ಬ್ರೇಕ್ ಮುಟ್ಟಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಚಕ್ರ ನೇರ ಹಿಡಿದು, "ಹಿಡ್ಕೊಳ್ಳಿ, ಹಿಡ್ಕೊಳ್ಳಿ" ಎಂದಷ್ಟೇ ಹೇಳುತ್ತ ಲಾರಿಯ ವೇಗ ತಾನಾಗಿ ಇಳಿಯಲು ಬಿಟ್ಟಳು. ಟ್ರೈಲರ್ ಓಲಾಡಿ ರಸ್ತೆ ಬದಿಯ ಕಪ್ಪು ಕಲ್ಲಿನ ಗೋಡೆಗೆ ಬಡಿಯಿತು. ಲಾರಿ ಒಮ್ಮೆ ಎಳೆದ ಹಾಗಾಗಿ ನಿಂತಿತು. ಡಾಕ್ಟರ್ ಆಂಟಿಯ ಕೈ ಬಾಗಿಲಿಗೆ ಅಪ್ಪಳಿಸಿ ಮಣಿಕಟ್ಟು ಮುರಿಯಿತು. ದೋಣಿಯ ಒಂದು ಪಕ್ಕ ಹರಿದುಹೋಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಆ ಹೊತ್ತಿನಲ್ಲಿ ಆ ಲಾರಿಯನ್ನು ಬೇರೆ ಯಾರು ಓಡಿಸಿದ್ದರೂ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ದೊಡ್ಡದಾಯಿತು ಎನ್ನುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಲಿ.

ಪೊಲೀಸಿನವಳು ಬಂದಳು. ಕೊಳವೆಯಲ್ಲಿ ಪಿನ್ನು ಇಲ್ಲ, ರಸ್ತೆಯ ತುಂಬ ಚೆಂಡುಹೂವಿನ ಎಸಳು. ಟ್ರೈಲರ್ ಕಟ್ಟಿದ್ದು ಯಾರು ಎಂದು ಕೇಳಿದಳು. ನಾನು ಬಾಯಿ ತೆರೆದೆ. ಮಾತು ಬರುವ ಮೊದಲೇ ಅಕ್ಕ, "ನನ್ನ ಗಾಡಿ. ನಾನೇ ನೋಡ್ಬೇಕಿತ್ತು" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಬಾಯಿ ಮುಚ್ಚಿದೆ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ, ಬಾಡಿದ ಹೂವಿನ ಕೆಳಗೆ ಕ್ಲಿಪ್ಪನ್ನು ನೋಡಿದೆ. ಅದನ್ನು ಹೂವಿನ ಜೊತೆಗೇ ಬಾಚಿ, ಕೆಂಪು ಮುಚ್ಚಳದ ಕಸದ ಡಬ್ಬಿಗೆ ಹಾಕಿದೆ.

ಆಮೇಲಿನ ಮಾತುಗಳನ್ನು ನಾನು ಇದ್ದಲ್ಲೇ ನಿಂತು ಕೇಳಿಸಿಕೊಂಡಿದ್ದೇನೆ. ಡಾಕ್ಟರ್ ಆಂಟಿಯ ಯಜಮಾನರು ನಮ್ಮ ಜನರಲ್ಲಿ ದೊಡ್ಡವರು, ಎಲ್ಲರಿಗೂ ಅಂಕಲ್. ದೀಪಾವಳಿಯ ಊಟದಲ್ಲಿ ತಟ್ಟೆ ಹಿಡಿದುಕೊಂಡು, "ವೃತ್ತದಲ್ಲಿ ಸ್ಪೀಡಾಗಿ ತಿರುಗಿಸಿದ್ದಾರೆ, ಅಷ್ಟೇ. ನಾಲ್ಕಡಿ ಹೆಂಗಸು, ನಲವತ್ತಡಿ ಗಾಡಿ" ಎಂದರು. ಸುತ್ತ ಇದ್ದವರು ನಕ್ಕರು. ನಾನೂ ಅಲ್ಲೇ ಇದ್ದೆ. ನಗಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ನಗದೇ ಇರುವುದು ಒಂದು ಮಾತಲ್ಲ. ಅಕ್ಕ ಅಷ್ಟು ದೂರದಲ್ಲಿ ಪಾಯಸ ಬಡಿಸುತ್ತಿದ್ದಳು. ಕೇಳಿಸಿತ್ತು.

ಒಬ್ಬೊಬ್ಬರಾಗಿ ಹೆಂಗಸರು ಬರುವುದನ್ನು ಬಿಟ್ಟರು. ಒಬ್ಬರಿಗೆ ಮಗುವಿನ ಪರೀಕ್ಷೆ, ಒಬ್ಬರಿಗೆ ಬೆನ್ನುನೋವು. ಹಾಸನದ ನರ್ಸ್ ಮಾತ್ರ ನೆಪ ಹೇಳದೆ ಅತ್ತಳು. "ಅಕ್ಕ, ಮನೇಲಿ ಬೇಡ ಅಂತವ್ರೆ, ಜಗಳ ಮಾಡೋಕೆ ನನ್ ಕೈಲಾಗ್ತಿಲ್ಲ." ಅಕ್ಕ ಅವಳ ಬೆನ್ನು ತಟ್ಟಿ, "ಅಡ್ಡಿಲ್ಲ, ದೋಣಿ ಎಲ್ಲಿಗೂ ಓಡಿ ಹೋತಿಲ್ಲೆ" ಎಂದಳು. ಡಾಕ್ಟರ್ ಆಂಟಿ ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯೊಳಗೆ ಸೇರಿದರು. ನಾನು ಒಂದು ಮಾತು ಹೇಳಿದ್ದರೆ ಅವರೆಲ್ಲ ವಾಪಸು ಬರುತ್ತಿದ್ದರು. ತಪ್ಪು ಹೆಂಗಸಿನದಲ್ಲ, ಗಂಡಸಿನದು ಎಂದಾಗಿದ್ದರೆ ಅವರ ಮನೆಗಳಲ್ಲಿ ಜಗಳವೇ ಇರುತ್ತಿರಲಿಲ್ಲ. ಇದು ನನಗೆ ಅವತ್ತೇ ಗೊತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಹಬ್ಬದ ಮೇಲೆ ಹಬ್ಬ ಕಳೆದೆ.

ಗಾಡಿ ಮಾರಿಬಿಡಿ ಎಂದವರಿಗೆ ಅಕ್ಕ, "ದೋಣಿ ಮಗುಚ್ತ್ ಅಂದೇಳಿ ದೋಣಿ ಸುಟ್ಟವ್ರನ್ನ ನಾ ಕಂಡಿಲ್ಲೆ" ಎಂದಳು. ಮುಂದಿನ ಯುಗಾದಿಗೆ ಲಾರಿಯನ್ನು ತಂದು ಹಾಲ್‌ನ ಬಾಗಿಲಿನ ಎದುರಿಗೇ, ಎರಡು ಜಾಗ ಹಿಡಿದು ನಿಲ್ಲಿಸಿದಳು. ಮೂಲೆ ಹುಡುಕುವುದನ್ನು ಬಿಟ್ಟಿದ್ದಳು. ಇಳಿದು, ಸೀರೆಯ ನೆರಿಗೆ ಸರಿ ಮಾಡಿಕೊಂಡು, ಅಂಕಲ್ ಮುಂದೆಯೇ ಹಾದು, "ನಮಸ್ಕಾರ ಅಂಕಲ್, ಹಬ್ಬದ ಶುಭಾಶಯ" ಎಂದು ಒಳಗೆ ಹೋದಳು. ದೋಣಿಯ ಹರಿದ ಪಕ್ಕಕ್ಕೆ ಬೆಸುಗೆ ಹಾಕಿಸಿದಳು, ಬಣ್ಣ ಹೊಡೆಸಲಿಲ್ಲ. ಬೆಸುಗೆಯ ಗೆರೆ ಕಾಣಲಿ ಎಂದಳು. ಆಮೇಲೆ ಸಮುದ್ರಕ್ಕೆ ಹೋದದ್ದು ನಾವಿಬ್ಬರೇ. ಲಂಗರು ಬಿಟ್ಟು ಕೂತರೆ ಖಾಲಿ ಸೀಟುಗಳ ಮೇಲೆ ನೀರು ಹನಿಯುತ್ತಿತ್ತು.

ಕಾಯಿಲೆ ಹೊಟ್ಟೆಯಲ್ಲಿ ಬಂತು, ಬೇಗ ಹರಡಿತು. ತಾನೇ ಕೆಲಸ ಮಾಡುವ ಆಸ್ಪತ್ರೆಗೆ ಅವಳು ಔಷಧಿ ಏರಿಸಿಕೊಳ್ಳಲು ಲಾರಿ ಓಡಿಸಿಕೊಂಡೇ ಹೋಗುತ್ತಿದ್ದಳು. ಕೈಗೆ ಬಳೆ ಸಡಿಲವಾಗಿ ಮೊಣಕೈವರೆಗೆ ಜಾರುತ್ತಿತ್ತು. ಡಾಕ್ಟರು ಇನ್ನು ಓಡಿಸಬಾರದು ಎಂದ ಮೇಲೆ ನಾನು ಓಡಿಸಿದೆ. ಅವಳನ್ನು ಹತ್ತಿಸಲು ಎತ್ತಿಕೊಳ್ಳಲು ಹೋದರೆ, "ಎತ್‌ಬ್ಯಾಡ ಮಾರಾಯಾ, ನಾನೆಂತ ಮೀನ್ ಬುಟ್ಟಿಯಾ? ಹಿಂದಿಂದ ದೂಡ್, ಸಾಕ್" ಎಂದು ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಲಾರಿಯೊಳಗೆ ಕೂತಿದ್ದೆವು. ಅವಳಿಗೆ ಇಳಿಯುವ ಮನಸ್ಸಿರಲಿಲ್ಲ. ಕಿಟಕಿಯಾಚೆ ನೋಡುತ್ತ, ಪೇಟೆಯಿಂದ ಏನು ತರಬೇಕು ಎಂದು ಕೇಳುವ ದನಿಯಲ್ಲಿ, "ಆ ಕ್ಲಿಪ್ ತಟ್ಟೆಯಲ್ಲೇ ಇತ್ತ್, ಅಲ್ದಾ?" ಎಂದಳು.

ನಾನು ಸ್ಟಿಯರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅವತ್ತ್ ಡಾಕ್ಟ್ರ್ ಆಂಟಿನ ಆಸ್ಪತ್ರೆಗ್ ಸೇರ್ಸಿ ಮನೆಗ್ ಬಂದ್ ದೇವ್ರಿಗೆ ಕೈ ಮುಗೂಕೆ ಹೋದೆ. ಹೂವಿನಡಿ ಕಂಡೆ. ತೆಗೂಲೆ ನಾನ್. ನೀ ತಂದ್ ಕೊಡ್ತೆ ಅಂದೇಳಿ ಅಲ್ಲೇ ಬಿಟ್ಟೆ."

"ಅಕ್ಕಾ..."

"ಮರ್ದಿನ ತಟ್ಟೆ ತೊಳ್ದಿಟ್ಟದ್ ಕಂಡೆ. ಇವತ್ ತತ್ತ, ನಾಳೆ ತತ್ತ ಅಂದ್ಕಂಡ್ ಕಾದೆ ಮಾರಾಯಾ." ಮೊಣಕೈಗೆ ಜಾರಿದ ಬಳೆಗಳನ್ನು ಕೆಳಕ್ಕೆ ಎಳೆದುಕೊಂಡಳು. "ನಂಗೆ ಕ್ಲಿಪ್ ಬೇಡಿತ್ತ್. ಅಂಗ್ಡೀಲಿ ಸಿಕ್ತ್ ಅದ್. ಹೆಂಗ್ಸ್ರ್ ಬೇಕಿತ್ತ್ ನಂಗೆ. ನನ್ ದೋಣಿ ಖಾಲಿ ಮಾಡ್ದೆ ನೀನ್."

ನಾನು ಅತ್ತೆ. ಅವಳು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನ ಅಳು ಮುಗಿಯುವವರೆಗೆ ಕಾದು, "ಆಯ್ತಾ? ಇಳ್ಸ್ ನನ್ನ" ಎಂದಳು. ಎಲ್ಲರಿಗೂ ಹೇಳುತ್ತೇನೆ ಅಕ್ಕ ಎಂದೆ. "ನಂಗೆ ಹೇಳ್‌ಬ್ಯಾಡ, ಹೇಳೂಕಿದ್ದವ್ರಿಗೆ ಹೇಳ್" ಎಂದಳು. ಆ ಚಳಿಗಾಲ ಕಳೆಯುವ ಮೊದಲೇ ಹೋದಳು. ಬದುಕಿದ್ದಾಗ ಹೇಳಲು ನನಗೆ ಸಮಯವಿತ್ತು. ಇವತ್ತು ಅವಳಿಗೆ ಸುಸ್ತು, ಇವತ್ತು ಮನೆಯಲ್ಲಿ ಜನ ಎಂದು ಆ ಸಮಯವನ್ನೂ ಕಳೆದೆ.

ಅವಳ ಬೊಜ್ಜದ ಊಟವನ್ನು ಹಾಲ್‌ನಲ್ಲಿ ಇಟ್ಟುಕೊಂಡೆವು. ಸತ್ತವರ ಹೆಸರಿನಲ್ಲಿ ಹಾಕುವ ಊಟಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಬಹಳ ಜನ ಬಂದಿದ್ದರು. ಅವಳು ಮೈ ಒರೆಸಿದ ರೋಗಿಗಳ ಮನೆಯವರೂ ಬಂದಿದ್ದರು. ಅಂಕಲ್ ಮೈಕು ಹಿಡಿದು ಒಳ್ಳೆಯ ಮಾತುಗಳನ್ನೇ ಆಡಿದರು. ಕೊನೆಗೆ ವಾತಾವರಣ ಹಗುರ ಮಾಡಲೆಂದೋ ಏನೋ, "ಎಲ್ಲದರಲ್ಲೂ ಜಾಣೆ. ಆದರೆ ಆ ಗಾಡಿ ಒಂದು ಅವಳಿಗೆ ದೊಡ್ಡದಾಯ್ತು, ಪಾಪ" ಎಂದು ನಕ್ಕರು. ಕೆಲವರು ಜೊತೆಗೆ ನಕ್ಕರು. ಭಾವ ತಲೆ ತಗ್ಗಿಸಿದರು.

ನಾನು ಎದ್ದು ಹೋಗಿ ಅಂಕಲ್ ಕೈಯಿಂದ ಮೈಕು ತೆಗೆದುಕೊಂಡೆ. ಕಿತ್ತುಕೊಂಡೆ ಎಂದು ಆಮೇಲೆ ಹೇಳಿದರು. ಹಾಗೆಯೇ ಇರಲಿ. ಪೂಜೆ, ತಟ್ಟೆ, ಹಾರ, ಕಂಡಿದೆ ಎಂದು ಹೇಳಿದ ಸುಳ್ಳು, ಕೆಂಪು ಮುಚ್ಚಳದ ಡಬ್ಬಿ, ಎಲ್ಲವನ್ನೂ ನಮ್ಮೂರಿನ ಮಾತಿನಲ್ಲೇ ಹೇಳಿದೆ. "ಗಾಡಿ ದೊಡ್ಡದಾದ್ದ್ ನನ್ನಕ್ಕಂಗಲ್ಲ. ಸಣ್ಣವ ನಾನ್. ನಗೂದಿದ್ರೆ ನನ್ನ ಕಂಡ್ ನಗಿ" ಎಂದೆ. ಯಾರೂ ನಗಲಿಲ್ಲ.

ಡಾಕ್ಟರ್ ಆಂಟಿ ಕುರ್ಚಿಯಿಂದ ಎದ್ದರು. "ಇದನ್ನ ಅವಳಿದ್ದಾಗ ಹೇಳ್ಬೇಕಿತ್ತು ಕಣೋ ನೀನು."

"ಹೌದು ಆಂಟಿ."

"ಹೇಳಿದ್ರೆ ನಾನು ಹೋಗ್ತಿದ್ದೆ ಅವಳ ಜೊತೆ. ಕೈ ಮುರ್ಕೊಂಡೂ ಹೋಗ್ತಿದ್ದೆ."

"ಹೌದು."

"ಬರೀ ಹೌದು ಅಂತೀಯಲ್ಲೋ!" ಅಂಕಲ್ ಆಂಟಿಯ ತೋಳು ಹಿಡಿದು, "ಬಿಡು, ಊಟಕ್ಕೆ ಹೊತ್ತಾಯ್ತು" ಎಂದರು. ಆಂಟಿ ತೋಳು ಕೊಡವಿಕೊಂಡರು. "ನೀವು ಊಟ ಮಾಡಿ. ಮೊದಲು ನಗೋರೂ ನೀವೇ, ಮೊದಲು ಊಟ ಮಾಡೋರೂ ನೀವೇ." ಆಮೇಲೆ ಭಾವನ ಕಡೆ ತಿರುಗಿ, "ಗಾಡಿ ಮಾರೋಕಿಟ್ಟಿದ್ದೀರಂತೆ?" ಎಂದು ಕೇಳಿದರು.

"ಇಡಬೇಕು ಅಂತಿದ್ದೆ ಮೇಡಂ. ನಾನು ಬಸ್ಸಲ್ಲಿ..."

"ಮಾರ್ಬೇಡಿ."

ಭಾವ ನನ್ನನ್ನು ನೋಡಿದರು, ಹಾಸನದ ನರ್ಸನ್ನು ನೋಡಿದರು, ಆಮೇಲೆ ಮೊದಲ ಸಲ ಗಾಡಿಯ ವಿಷಯದಲ್ಲಿ ಒಂದು ತೀರ್ಮಾನ ಹೇಳಿದರು. "ಮಾರಲ್ಲ."

ಈಗ ದಿನವೂ ಕಾರ್ಖಾನೆಗೆ ಅದನ್ನು ಓಡಿಸಿಕೊಂಡು ಹೋಗುವವನು ನಾನು. ಮೀನು ಕೊಯ್ಯುವವನಿಗೆ ಇಷ್ಟು ದೊಡ್ಡ ಗಾಡಿ ಯಾಕೆ ಎಂದು ಅಲ್ಲಿಯೂ ಕೇಳುತ್ತಾರೆ. ಸಣ್ಣದು ತಗೋ ಎಂದು ಬುದ್ಧಿ ಹೇಳಿದವರಿಗೆ, ನನ್ನ ಪೆಟ್ರೋಲು, ನನ್ನ ಚಿಂತೆ ಎನ್ನುತ್ತೇನೆ. ಅಂಕಲ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಬೇಸಿಗೆ ಬಂದ ಮೇಲೆ ಮೊದಲ ಶನಿವಾರ ಲಾರಿಗೆ ದೋಣಿ ಕಟ್ಟಿದೆ. ಡಾಕ್ಟರ್ ಆಂಟಿ ಬಂದು ಪ್ರತಿಯೊಂದನ್ನೂ ಮುಟ್ಟಿ ನೋಡಿದರು. ನಾನು ನೋಡಿದ್ದೇನೆ ಎಂದು ಹೇಳಲಿಲ್ಲ. ಹೇಳಿದ್ದರೂ ಅವರು ನಂಬುತ್ತಿರಲಿಲ್ಲ, ನಂಬಬಾರದು ಕೂಡ. ಹಾಸನದ ನರ್ಸ್ ಬಂದಿದ್ದಳು. ಬೆನ್ನುನೋವಿನವರು ಬಂದಿದ್ದರು. ಹೊಸಬರು ಇಬ್ಬರು ಬಂದಿದ್ದರು. ದೋಣಿಯನ್ನು ನೀರಿಗೆ ಇಳಿಸಿದೆ. ಎಲ್ಲರೂ ಹತ್ತಿದರು. ನಾನೂ ಪ್ಯಾಂಟು ಮಡಚಿಕೊಂಡು, ಕಾಲು ಎತ್ತಿ ದೋಣಿಯ ಅಂಚಿಗೆ ಇಟ್ಟೆ.

"ನೀನು ಬೇಡ" ಎಂದರು ಡಾಕ್ಟರ್ ಆಂಟಿ. ಸಿಟ್ಟಿನ ದನಿ ಆಗಿರಲಿಲ್ಲ. "ನೀನು ಇಲ್ಲೇ ಇರು. ನಾವು ಬಂದಾಗ ಗಾಡಿ ತಗೊಂಡು ಇಳಿ."

ಕಾಲು ತೆಗೆದು ನೀರಿಗೆ ಇಟ್ಟೆ. ಹಾಸನದ ನರ್ಸ್ ಮೋಟಾರು ಹಾಕಿದಳು. ಅವರು ನನ್ನನ್ನು ಕ್ಷಮಿಸಿದ್ದಾರೆಯೇ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಲಾರಿಯನ್ನು ಮೇಲೆ ತಂದು ನಿಲ್ಲಿಸಿ, ಅದರ ನೆರಳಿನಲ್ಲಿ ನಿಂತೆ. ದೋಣಿ ಚಿಕ್ಕದಾಗುತ್ತ ಹೋಯಿತು. ಅದರಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ.